ಟಾಮ್ ಬ್ರೇಡಿ ಎಂದರೆ ಕೆಲವರಿಗೆ ಏಕೆ ಆಗುವುದಿಲ್ಲ?

ಅಮೆರಿಕನ್ ಫುಟ್‌ಬಾಲ್ ನೋಡಲು ಈಗಷ್ಟೇ ಶುರುಮಾಡಿದವರನ್ನು ಒಂದು ವಿಷಯ ಗೊಂದಲಕ್ಕೆ ತಳ್ಳುತ್ತದೆ. ಆಟದ ಇತಿಹಾಸದಲ್ಲೇ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು ಎಂದು ಕೇಳಿದರೆ ಹೆಚ್ಚಿನವರು ಟಾಮ್ ಬ್ರೇಡಿ ಎನ್ನುತ್ತಾರೆ. ಅದೇ ಹೆಸರು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುವವರೂ ಕಡಿಮೆಯಿಲ್ಲ. ಬಾಸ್ಟನ್‌ನಲ್ಲಿ ನೆಲೆಸಿದ ಕನ್ನಡಿಗರು ಬ್ರೇಡಿಯನ್ನು ಹಾಡಿ ಹೊಗಳಿದರೆ, ಜೆಟ್ಸ್ ತಂಡದ ಪ್ರಭಾವದಲ್ಲಿ ಬೆಳೆದ ನ್ಯೂಜೆರ್ಸಿಯ ಅವರ ನೆಂಟರ ಮಕ್ಕಳು ಅಷ್ಟೇ ಜೋರಾಗಿ ಬೈಯಬಹುದು. ಇದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವ ಮೊದಲು ಸ್ವಲ್ಪ ಹಿನ್ನೆಲೆ ತಿಳಿದುಕೊಳ್ಳೋಣ.

ಮೊದಲು ಆ ಸ್ಥಾನದ ಮಾತು. ಮೈದಾನದಲ್ಲಿ ಒಂದೊಂದು ತಂಡದಿಂದ 11 ಮಂದಿ ಇರುತ್ತಾರೆ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 10 ಗಜ ಮುಂದೆ ಸಾಗಲು 4 ಅವಕಾಶ. ಹೆಚ್ಚುಕಡಿಮೆ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಓಡುವವನಿಗೆ ಕೊಡುವುದೋ, ದೂರದ ಜೊತೆಗಾರನಿಗೆ ಎಸೆಯುವುದೋ, ತಾನೇ ಓಡುವುದೋ ಎಂದು ಆತ ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಎದುರಾಳಿಗಳು ಅವನನ್ನು ಕೆಡವಲು ನುಗ್ಗಿರುತ್ತಾರೆ. ಹೀಗಾಗಿ ತಂಡ ಗೆದ್ದರೆ ಹಾರವೂ ಸೋತರೆ ಬೈಗುಳವೂ ಅವನಿಗೇ ಸಲ್ಲುತ್ತವೆ.

ಬ್ರೇಡಿಗೆ ಸಂದ ಹಾರಗಳು ಅಪಾರ. 23 ಋತುಗಳು, ಋತುವಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 7 ಗೆಲುವುಗಳು. ಅವುಗಳಲ್ಲಿ ಆರು ಬಾಸ್ಟನ್ ಪ್ರದೇಶದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ, ಒಂದು ಟ್ಯಾಂಪಾ ಬೇ ಬಕನೀರ್ಸ್‌ಗೆ. ಇಷ್ಟು ಸೂಪರ್ ಬೌಲ್‌ಗಳನ್ನು ಯಾವ ತಂಡವೂ ಗೆದ್ದಿಲ್ಲ. ಆದರೂ 2000ದ ಹೊಸ ಆಟಗಾರರ ಆಯ್ಕೆಯಲ್ಲಿ ಅವರಿಗೆ ಸಿಕ್ಕಿದ್ದು 199ನೇ ಸ್ಥಾನ. ಎಲ್ಲ ತಂಡಗಳೂ ಅವರನ್ನು ಮತ್ತೆ ಮತ್ತೆ ಬದಿಗಿಟ್ಟು ಬೇರೆಯವರನ್ನು ಆರಿಸಿದ್ದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಎನ್‌ಎಫ್‌ಎಲ್ ಎಂಬ ಈ ಲೀಗ್‌ನ ಏರ್ಪಾಡೇ ಗೆಲುವು ಕೈಯಿಂದ ಕೈಗೆ ಹೋಗುತ್ತಿರಲಿ ಎಂಬಂತಿದೆ. ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ತೀರಾ ಕೆಳಗಿದ್ದ ತಂಡಕ್ಕೆ ಮೊದಲ ಅವಕಾಶ, ಚಾಂಪಿಯನ್‌ಗೆ ಕೊನೆಯದು. ಐಪಿಎಲ್ ಹರಾಜಿನಲ್ಲಿ ತಂಡಗಳ ಖರ್ಚಿಗೆ ಮಿತಿ ಇರುವಂತೆ ಇಲ್ಲಿಯೂ 1994ರಿಂದ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಇಂದು ಸೋತ ಊರಿಗೂ ಒಂದು ದಿನ ಸರದಿ ಬರುತ್ತದೆ ಎಂಬುದು ಅಭಿಮಾನಿಗೆ ಈ ಏರ್ಪಾಡು ಕೊಡುವ ಮಾತು. ಬ್ರೇಡಿ ಇದ್ದಷ್ಟು ಕಾಲ ಕೆಲವು ಊರುಗಳ ಮಟ್ಟಿಗೆ ಆ ಮಾತು ನಡೆಯಲಿಲ್ಲ. ಸಾಲದ್ದಕ್ಕೆ, ತಮಗೆ ಸಿಗಬಹುದಾಗಿದ್ದಕ್ಕಿಂತ ಕಡಿಮೆ ಸಂಬಳಕ್ಕೆ ಅವರು ಹಲವು ಬಾರಿ ಒಪ್ಪಿದ್ದರಿಂದ, ಮಿತಿಯೊಳಗೇ ಒಳ್ಳೆಯ ಜೊತೆಗಾರರನ್ನು ಇಟ್ಟುಕೊಳ್ಳಲು ಪೇಟ್ರಿಯಟ್ಸ್‌ಗೆ ಅನುಕೂಲವಾಯಿತು.

ಇದರ ಬಿಸಿ ಹೆಚ್ಚು ತಟ್ಟಿದ್ದು ಲೀಗ್‌ನಲ್ಲಿ ಪೇಟ್ರಿಯಟ್ಸ್‌ನದೇ ವಿಭಾಗದಲ್ಲಿದ್ದ ಬಫಲೊ ಬಿಲ್ಸ್, ನ್ಯೂಯಾರ್ಕ್ ಜೆಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ತಂಡಗಳಿಗೆ. ಪ್ರತಿ ವರ್ಷ ಇವರೊಡನೆ ಎರಡೆರಡು ಪಂದ್ಯ ತಪ್ಪುವುದಿಲ್ಲ. 2001ರಿಂದ 2019ರವರೆಗಿನ 19 ಋತುಗಳಲ್ಲಿ ವಿಭಾಗದ ಪ್ರಶಸ್ತಿ 17 ಬಾರಿ ಪೇಟ್ರಿಯಟ್ಸ್ ಪಾಲಾಯಿತು. ಉಳಿದ ಎರಡರಲ್ಲಿ ಒಂದು, 2008ರದು, ಬ್ರೇಡಿ ಗಾಯಗೊಂಡು ಕೂತಿದ್ದ ವರ್ಷದ್ದು. ಬಿಲ್ಸ್ ವಿರುದ್ಧ ಅವರು ಒಟ್ಟು 33 ಗೆದ್ದು 3 ಮಾತ್ರ ಸೋತರು. ಅವರು ಟ್ಯಾಂಪಾಕ್ಕೆ ಹೋದ 2020ರ ಋತುವಿನಲ್ಲೇ ಬಿಲ್ಸ್ ವಿಭಾಗವನ್ನು ಗೆದ್ದಿತು. ಜೆಟ್ಸ್ ಅಭಿಮಾನಿಗಳ ಸಂಕಟ ಇನ್ನೊಂದು ಬಗೆಯದು. 2001ರ ಸೆಪ್ಟೆಂಬರ್‌ನಲ್ಲಿ ಪೇಟ್ರಿಯಟ್ಸ್‌ನ ಅಂದಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೊ ಅವರಿಗೆ ಬಲವಾದ ಪೆಟ್ಟು ಕೊಟ್ಟು, ಬ್ರೇಡಿ ಮೈದಾನಕ್ಕಿಳಿಯಲು ಕಾರಣನಾದವನು ಜೆಟ್ಸ್‌ನದೇ ಆಟಗಾರ.

ಬರೀ ಗೆದ್ದಿದ್ದರೆ ಸಿಟ್ಟು ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಅದಕ್ಕೆ ವಿವಾದಗಳೂ ಸೇರಿಕೊಂಡವು. ಮೂರನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು 2002ರ ಜನವರಿಯದು. ಹಿಮ ಬೀಳುತ್ತಿದ್ದ ರಾತ್ರಿ, ಓಕ್ಲೆಂಡ್ ರೈಡರ್ಸ್ 13–10ರಿಂದ ಮುಂದಿದೆ, ಎರಡು ನಿಮಿಷವೂ ಉಳಿದಿಲ್ಲ. ರೈಡರ್ಸ್‌ನ ಚಾರ್ಲ್ಸ್ ವುಡ್ಸನ್ ಬಡಿದ ಹೊಡೆತಕ್ಕೆ ಬ್ರೇಡಿ ಕೈಯಿಂದ ಚೆಂಡು ಜಾರಿತು, ರೈಡರ್ಸ್ ಅದನ್ನು ಹಿಡಿದರು. ವಿಡಿಯೊ ನೋಡಿದ ರೆಫರಿ, ಕೈ ಮುಂದಕ್ಕೆ ಚಲಿಸಿದ್ದರಿಂದ ನಿಯಮದ ಪ್ರಕಾರ ಅದು ಎಸೆತವೇ ಎಂದು ತೀರ್ಪು ಬದಲಿಸಿದರು; ಚೆಂಡು ಪೇಟ್ರಿಯಟ್ಸ್ ಬಳಿಯೇ ಉಳಿಯಿತು. ಪೇಟ್ರಿಯಟ್ಸ್ ಹೆಚ್ಚುವರಿ ಅವಧಿಯಲ್ಲಿ ಗೆದ್ದು, ಮುಂದೆ ತನ್ನ ಮೊದಲ ಸೂಪರ್ ಬೌಲನ್ನೂ ಗೆದ್ದಿತು. ಆ ನಿಯಮವನ್ನು 2013ರಲ್ಲಿ ಲೀಗ್ ಕೈಬಿಟ್ಟಿತು. ರೆಫರಿ ಅಂದಿನ ನಿಯಮವನ್ನು ಪಾಲಿಸಿದ್ದರು ಎಂದರೂ ರೈಡರ್ಸ್ ಅಭಿಮಾನಿಗಳ ಹೊಟ್ಟೆಯುರಿ ತಣಿದಿಲ್ಲ.

ಎರಡನೆಯದು 2007ರದು. ಜೆಟ್ಸ್ ತರಬೇತುದಾರರ ಕೈಸನ್ನೆಗಳನ್ನು ಪೇಟ್ರಿಯಟ್ಸ್ ಸಿಬ್ಬಂದಿ ನಿಷೇಧಿತ ಜಾಗದಿಂದ ಚಿತ್ರೀಕರಿಸಿ ಸಿಕ್ಕಿಬಿದ್ದರು. ಕೋಚ್ ಬಿಲ್ ಬೆಲಿಚೆಕ್ ಅವರಿಗೆ 5 ಲಕ್ಷ ಡಾಲರ್ ದಂಡ ಬಿತ್ತು. ಇದರಲ್ಲಿ ಬ್ರೇಡಿ ಮೇಲೆ ಆರೋಪವಿರಲಿಲ್ಲ. ಆದರೆ ತಂಡಕ್ಕೆ ಅಂಟಿದ ಮಸಿ ತಂಡದ ಮುಖವಾಗಿದ್ದವರಿಗೂ ಅಂಟಿತು.

ಮೂರನೆಯದು ನೇರವಾಗಿ ಅವರದೇ. 2015ರ ಜನವರಿಯಲ್ಲಿ ಇಂಡಿಯಾನಪೊಲಿಸ್ ಕೋಲ್ಟ್ಸ್ ವಿರುದ್ಧ 45–7ರಿಂದ ಗೆದ್ದ ಪಂದ್ಯದಲ್ಲಿ ಪೇಟ್ರಿಯಟ್ಸ್ ಬಳಸಿದ ಚೆಂಡುಗಳಲ್ಲಿ ಗಾಳಿ ನಿಗದಿಗಿಂತ ಕಡಿಮೆಯಿತ್ತು. ಗಾಳಿ ತುಸು ಕಡಿಮೆಯಾದರೆ ಹಿಡಿತ ಸುಲಭ. ಬ್ರೇಡಿಗೆ ಇದು ಗೊತ್ತಿದ್ದಿರುವ ಸಂಭವವೇ ಹೆಚ್ಚು ಎಂದು ಲೀಗ್ ನೇಮಿಸಿದ ತನಿಖೆ ಹೇಳಿತು. ಅವರು ತಮ್ಮ ಹಳೆಯ ಮೊಬೈಲನ್ನು ನಾಶಮಾಡಿಸಿದ್ದು ಅನುಮಾನವನ್ನು ಹೆಚ್ಚಿಸಿತು. ಚಳಿಗೆ ಗಾಳಿಯ ಒತ್ತಡ ತಾನಾಗಿ ಇಳಿಯುತ್ತದೆ ಎಂದು ವಾದಿಸಿದ ವಿಜ್ಞಾನಿಗಳೂ ಇದ್ದರು. ಬ್ರೇಡಿ ಕೊನೆಯವರೆಗೂ ಆರೋಪ ಒಪ್ಪಲಿಲ್ಲ. 4 ಪಂದ್ಯಗಳ ನಿಷೇಧವನ್ನು ಒಂದು ನ್ಯಾಯಾಲಯ ರದ್ದು ಮಾಡಿ, ಮೇಲಿನ ನ್ಯಾಯಾಲಯ ಮತ್ತೆ ಜಾರಿಗೆ ತಂದಿತು. 2016ರಲ್ಲಿ ಶಿಕ್ಷೆ ಮುಗಿಸಿ ಬಂದವರು ಅದೇ ಋತುವಿನ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಎದುರು 3–28ರಿಂದ ಹಿಂದಿದ್ದರೂ 34–28ರಿಂದ ಗೆದ್ದರು. ಮೆಚ್ಚುವವರ ಪಾಲಿಗೆ ಇದು ಅವರ ಬದುಕಿನ ಮಹಾ ಪಂದ್ಯ. ಒಪ್ಪದವರ ಪಾಲಿಗೆ ಶಿಕ್ಷೆ ತಟ್ಟಲೇ ಇಲ್ಲ ಎಂಬುದಕ್ಕೆ ಪುರಾವೆ.

ಸಣ್ಣಪುಟ್ಟ ತಕರಾರುಗಳು ಇನ್ನೂ ಇವೆ: ರೆಫರಿಗಳ ಮೇಲೆ ಕೂಗಾಡುತ್ತಿದ್ದರು, 2018ರ ಸೂಪರ್ ಬೌಲ್ ಸೋತಾಗ ಎದುರಾಳಿ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಕೈ ಕುಲುಕಲಿಲ್ಲ, 2022ರಲ್ಲಿ ನಿವೃತ್ತಿ ಘೋಷಿಸಿ 40 ದಿನಗಳಲ್ಲೇ ಮರಳಿ ಬಂದರು. ಸೋಲುವ ಆಟಗಾರನಲ್ಲಿ ಇಂಥವು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಮುನಿಸಿಗೆ ಬ್ರೇಡಿಯ ಸ್ವಭಾವವೇ ಕಾರಣವೇ, ಅವರ ಗೆಲುವೇ? ಇದನ್ನು ಪರೀಕ್ಷಿಸಲು ಕಾನ್ಸಸ್ ಸಿಟಿ ಚೀಫ್ಸ್ ಕಡೆ ನೋಡಿ. 50 ವರ್ಷ ಕಾದು 2020ರಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಾಗ ಅದರ ಯುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬಹುಜನರ ಮೆಚ್ಚಿನವರಾಗಿದ್ದರು. 2023 ಮತ್ತು 2024ರಲ್ಲೂ ಗೆದ್ದ ಮೇಲೆ ರೆಫರಿಗಳು ಅವರ ಪರವಂತೆ ಎಂಬ ಗೊಣಗಾಟ ದೇಶದ ತುಂಬ ಕೇಳಿಬಂತು. ಮಹೋಮ್ಸ್ ಬದಲಾಗಿರಲಿಲ್ಲ, ಉಳಿದವರ ಸರದಿ ತಡವಾಗತೊಡಗಿತ್ತು.

ಆದ್ದರಿಂದ ಯಾರಾದರೂ ಬ್ರೇಡಿಯನ್ನು ಬೈದರೆ ಮೊದಲು ಅವರ ತಂಡ ಯಾವುದೆಂದು ಕೇಳಿ. ಬಿಲ್ಸ್ ಅಥವಾ ಜೆಟ್ಸ್ ಎಂದರೆ ಅದು ಕಳೆದುಹೋದ 19 ಋತುಗಳ ನೋವು, ವಾದಕ್ಕಿಳಿಯಬೇಡಿ. ಚೆಂಡಿನ ಗಾಳಿಯ ಮಾತು ಬಂದರೆ ಅದು ವಾದಿಸಬಹುದಾದ ವಿಷಯ, ತನಿಖೆಯ ವಿವರಗಳನ್ನು ಓದಿಕೊಂಡು ಕೂರಿ. ಕೈ ಕುಲುಕದ ಮಾತು ಬಂದರೆ ನಕ್ಕು ಸುಮ್ಮನಾಗಬಹುದು.