ಕಾಂತಟೇಪಿನ ಪಾಠೋದ್ಧಾರ

ಮೂಲಪ್ರತಿಯನ್ನು ಬಿಟ್ಟು ನಕಲನ್ನು ನೆಚ್ಚಿದರೆ ಪಾಠ ಸೊರಗುತ್ತದೆಂಬುದು ಗ್ರಂಥಸಂಪಾದಕರಿಗೆ ತಿಳಿದದ್ದೇ. ಕಾಂತಟೇಪುಗಳಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದ ಲೂನಾರ್ ಆರ್ಬಿಟರ್ ನೌಕೆಗಳು 1966-67ರಲ್ಲಿ ಕಳುಹಿಸಿದ ಚಂದ್ರಚಿತ್ರಗಳು ಅಂದು ಪ್ರಕಟವಾದದ್ದು ಫಿಲ್ಮಿನ ನಕಲುಗಳಿಂದ; ನೆರಳುಬೆಳಕಿನ ಸೂಕ್ಷ್ಮಭೇದಗಳು ಟೇಪಿನಲ್ಲಿಯೇ ಉಳಿದುಹೋದವು. ಟೇಪುಗಳಿದ್ದವು, ಆದರೆ ಅವುಗಳನ್ನು ಓದಬಲ್ಲ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳು ಬಳಕೆ ತಪ್ಪಿ ಕೆಟ್ಟುನಿಂತಿದ್ದವು. ನಾಸಾದಲ್ಲಿದ್ದ ನ್ಯಾನ್ಸಿ ಇವಾನ್ಸ್ ಆ ಯಂತ್ರಗಳನ್ನು ವರ್ಷಗಟ್ಟಲೆ (ಅದೂ ಸ್ವಂತ ಗ್ಯಾರೇಜಿನಲ್ಲಿ!) ಕಾಪಾಡದಿದ್ದರೆ ಟೇಪುಗಳು ಲಿಪಿಜ್ಞಾನ ಅಳಿದ ಶಾಸನಗಳಂತೆ ಮೂಕವಾಗುತ್ತಿದ್ದವು. ಬಿಡಿಭಾಗಗಳನ್ನು ಹೊಂದಿಸಿ ಯಂತ್ರವೊಂದನ್ನು ದುರಸ್ತಿಗೊಳಿಸಿದ ತರುವಾಯ, ಚಂದ್ರನ ಅಂಚಿನಾಚೆ ಭೂಮಿ ತೋರುವ 1966ರ ಚಿತ್ರ 2008ರಲ್ಲಿ ಟೇಪಿನಿಂದಲೇ ನೇರವಾಗಿ ದೊರೆಯಿತು. ಅದರ ಸ್ಪಷ್ಟತೆ ಹಳೆಯ ಮುದ್ರಿತ ಪ್ರತಿಯನ್ನು ಬಹುವಾಗಿ ಮೀರಿಸಿತ್ತು.