ಮೊದಲು ಹನ್ನೊಂದು ಜನ ಬನ್ನಿ

ಹುಡುಗರೇ,

ಮಳೆ ಹಿಡಿದಾಗಿನಿಂದ ನೀವು ಕೇಳುತ್ತಿರುವುದು ಒಂದೇ ಮಾತು: ‘ಈ ಸಲ ಮೇಲಿನ ಡಿವಿಷನ್ನಿಗೆ ಹೋಗ್ತೀವಾ ಸಾರ್?’ ಹೋದ ಸೀಸನ್ ಆಡಿದ ಹಾಗೇ ಆಡಿದರೆ ಹೋಗುವುದಿಲ್ಲ. ಮುಲಾಜಿಲ್ಲದೆ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಆಟಕ್ಕೇನೂ ಕೊರತೆಯಿಲ್ಲ. ಆ ಆಟ ಆಡಬೇಕಾದವರು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಇರುವುದಿಲ್ಲ. ತೊಂದರೆ ಇರುವುದು ಅಲ್ಲೇ.

ತಂಡವನ್ನು ನಾನು ಎರಡು ಮಳೆಗಾಲದಿಂದ ಹತ್ತಿರದಿಂದ ನೋಡುತ್ತಿದ್ದೇನೆ. ಓಪನಿಂಗ್ ಜೋಡಿ ಹೊಸ ಚೆಂಡನ್ನು ಬಿಡಬೇಕಾದಲ್ಲಿ ಬಿಡುವುದನ್ನು ಕಲಿತಿದೆ. ಲೆಗ್ ಸ್ಪಿನ್ನರ್ ಹುಡುಗನ ಗೂಗ್ಲಿ ಈ ವಲಯದಲ್ಲಿ ಇನ್ನೂ ಎಷ್ಟೋ ಬ್ಯಾಟ್ಸ್‌ಮನ್ನರಿಗೆ ಅರ್ಥವಾಗಿಲ್ಲ. ಅರ್ಥವಾಗುವಷ್ಟರಲ್ಲಿ ಅವನು ಇನ್ನೊಂದನ್ನು ಕಲಿತುಕೊಂಡಿರಬೇಕು. ಕೀಪರ್ ಕೈ ಚೆನ್ನಾಗಿದೆ, ಬಾಯಿ ಸ್ವಲ್ಪ ಜಾಸ್ತಿ. ಹೊಸದಾಗಿ ಬಂದ ವೇಗದ ಬೌಲರ್ ತನ್ನ ರನ್‌ಅಪ್ಪನ್ನು ಹೆಜ್ಜೆ ಎಣಿಸಿ ಗುರುತು ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಅರ್ಧ ನೋಬಾಲು ತಾನಾಗಿಯೇ ನಿಲ್ಲುತ್ತವೆ. ಫೀಲ್ಡಿಂಗ್ ಬಗ್ಗೆ ಮಾತ್ರ ಒಳ್ಳೆಯ ಮಾತು ಹುಡುಕಿದೆ, ಸಿಗಲಿಲ್ಲ. ಇಷ್ಟಾದರೂ ಕಾಗದದ ಮೇಲೆ ನಮ್ಮದು ಮೊದಲ ಮೂರರಲ್ಲಿ ನಿಲ್ಲಬೇಕಾದ ತಂಡ.

ಸ್ಕೋರ್ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. ಹೋದ ವರ್ಷ ಸೋತ ಪಂದ್ಯಗಳ ಪುಟ ತೆಗೆದು ನೋಡಿ. ಒಂದು ಪಂದ್ಯದಲ್ಲಿ ನಮ್ಮ ಬ್ಯಾಟಿಂಗ್ ಪಟ್ಟಿಯ ಹತ್ತನೆಯ ಮತ್ತು ಹನ್ನೊಂದನೆಯ ಸಾಲಿನಲ್ಲಿ ಹೆಸರಿದೆ, ಹೆಸರಿನ ಮುಂದೆ ‘ಗೈರು’ ಅಂತ ಬರೆದಿದೆ. ಬರೆದ ಕೈ ನನ್ನದೇ. ಎಂಟು ವಿಕೆಟ್ ಬಿದ್ದ ಮೇಲೆ ನಮ್ಮ ಆರನೇ ನಂಬರಿನವನು ಪ್ಯಾಡು ಬಿಚ್ಚದೆ ಕ್ರೀಸಿನಲ್ಲೇ ನಿಂತಿದ್ದ, ಇನ್ನೊಂದು ತುದಿಗೆ ಬರುವವರಿಲ್ಲ. ಅಂಪೈರು ಬೇಲ್ಸು ಎತ್ತಿಕೊಂಡರು. ಆ ಇಬ್ಬರು ಅವನ ಮುಖ ನೋಡಿದ್ದರೆ ನಾನು ಇವತ್ತು ಇಷ್ಟು ಉದ್ದ ಮಾತಾಡಬೇಕಾಗಿರಲಿಲ್ಲ.

ಗೈರಾದವರಲ್ಲಿ ಒಬ್ಬ ಪಕ್ಕದ ತಾಲ್ಲೂಕಿನ ಟೆನ್ನಿಸ್ ಬಾಲ್ ಟೂರ್ನಮೆಂಟಿನಲ್ಲಿದ್ದ. ನಗದು ಬಹುಮಾನ, ಆಳೆತ್ತರದ ಕಪ್ಪು, ರಾತ್ರಿ ದೀಪ, ಮೈಕಿನಲ್ಲಿ ಕಾಮೆಂಟರಿ, ಹೆಸರು ಬರೆದ ಟೀ ಶರ್ಟು. ಅಲ್ಲಿ ಕರೆದರೆ ಯಾರಿಗೆ ಬೇಡ? ನಮ್ಮಲ್ಲಿ ಮಧ್ಯಾಹ್ನಕ್ಕೆ ಚಿತ್ರಾನ್ನ, ಬಿಸಿಲು. ಟೆನ್ನಿಸ್ ಬಾಲ್ ಆಡುವವರನ್ನು ನಾನು ಬೈಯುವುದಿಲ್ಲ. ಬೀದಿಯಲ್ಲಿ ಆ ಚೆಂಡಿನಲ್ಲೇ ಎಲ್ಲರೂ ಶುರು ಮಾಡಿದ್ದು. ಅಭಿಮನ್ಯು ಮಿಥುನ್ ಹದಿನೇಳು ವರ್ಷದವರೆಗೆ ಚರ್ಮದ ಚೆಂಡಿನಲ್ಲಿ ಬೌಲ್ ಮಾಡಿದವರಲ್ಲ, ಡಿಸ್ಕಸ್ ಎಸೆಯುತ್ತಿದ್ದವರು. 2009ರಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಮೇತ 11 ವಿಕೆಟ್ ತೆಗೆದರು, ಮರುವರ್ಷ ಟೆಸ್ಟ್ ಆಡಿದರು. ತಡವಾಗಿ ಬಂದರೂ ಬರಬಹುದು. ಆದರೆ ಬಂದ ಮೇಲೆ ಇಲ್ಲೇ ಕಾಲೂರಬೇಕು. ಒಂದು ಭಾನುವಾರ ಇಲ್ಲಿ, ಒಂದು ಭಾನುವಾರ ಅಲ್ಲಿ ಎಂದರೆ ಎರಡೂ ಆಟ ಕೆಡುತ್ತದೆ. ಅಲ್ಲಿ ಮುಂಗಾಲನ್ನು ಲೆಗ್ ಕಡೆಗೆ ಸರಿಸಿ ಮಿಡ್ ವಿಕೆಟ್ ಮೇಲೆ ಬೀಸುವುದು ಲಾಭ. ಚೆಂಡು ಮೆತ್ತಗೆ, ಬೌಂಡರಿ ಹತ್ತಿರ. ಇಲ್ಲಿ ಹೊಲಿಗೆಯ ಮೇಲೆ ಬಿದ್ದ ಚೆಂಡು ಕೊನೆಯ ಗಳಿಗೆಯಲ್ಲಿ ಒಂದಿಷ್ಟು ಹೊರಳಿದರೆ ಅದೇ ಬೀಸು ಸ್ಲಿಪ್ಪಿನವನ ಕೈಗೆ ಹೋಗುತ್ತದೆ. ಬೌಲರಿಗಂತೂ ಇನ್ನೂ ಅಪಾಯ. ಅಲ್ಲಿ ಕೈ ಬಾಗಿಸಿ ಎಸೆದರೂ ಕೇಳುವವರು ಕಡಿಮೆ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಎಂಬ ನಿಯಮ ಇರುವ ಕಡೆ ಆ ಚಾಳಿ ಹೊತ್ತುಕೊಂಡು ಬಂದರೆ ಒಳ್ಳೆಯ ಬೌಲರ್ ಕೂಡ ಮನೆಗೆ ಹೋಗುತ್ತಾನೆ. ಸೀಸನ್ ಮುಗಿದ ಮೇಲೆ ಆಡಿ, ಬೇಸಗೆಯಲ್ಲಿ ಆಡಿ, ನಾನೇ ಬಂದು ಚಪ್ಪಾಳೆ ಹೊಡೆಯುತ್ತೇನೆ.

ಗೈರಿಗೆ ಇನ್ನೊಂದು ಕಾರಣವಿದೆ, ಅದರಲ್ಲಿ ನಿಮ್ಮ ತಪ್ಪಿಲ್ಲ. ನಾವು ಆಡುತ್ತಿದ್ದಾಗ ಭದ್ರಾವತಿಯಲ್ಲಿ ಆಟಗಾರನಿಗೆ ಊರಲ್ಲೇ ಕೆಲಸವಿತ್ತು. ಕಬ್ಬಿಣದ ಕಾರ್ಖಾನೆಯಲ್ಲಿ ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರಕ್ಕೆ ಗೇಟಿನಿಂದ ಹೊರಬಿದ್ದು, ಕ್ಯಾಂಟೀನಿನಲ್ಲಿ ಒಂದು ಟೀ ಕುಡಿದು, ಸೈಕಲ್ಲಿನಲ್ಲಿ ನೇರ ಮೈದಾನಕ್ಕೆ ಬರುತ್ತಿದ್ದವರಿದ್ದರು. ಪಂದ್ಯವಿದ್ದರೆ ಪಾಳಿ ಬದಲಾಯಿಸಿಕೊಡುವ ಗೆಳೆಯ ಇರುತ್ತಿದ್ದ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆ, ವಿಐಎಸ್‌ಎಲ್ ಕೂಡ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಈಗ ನಿಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲಿದ್ದೀರಿ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬರುತ್ತೀರಿ, ಭಾನುವಾರ ರಾತ್ರಿ ಮತ್ತೆ ಹೊರಡುತ್ತೀರಿ. ಆ ನಡುವೆ ಅಮ್ಮನ ಕೈ ಊಟ, ನಿದ್ದೆ, ಸಂಬಂಧಿಕರ ಮದುವೆ ಎಲ್ಲವೂ ಆಗಬೇಕು. ಗೊತ್ತು. ಪ್ರತಿ ಭಾನುವಾರ ಬನ್ನಿ ಎಂದು ಬೆಂಗಳೂರಿನವರಿಗೆ ನಾನು ಹೇಳುವುದಿಲ್ಲ. ಯಾವ ಭಾನುವಾರ ಬರುತ್ತೀರಿ ಎಂಬುದನ್ನು ಬುಧವಾರದೊಳಗೆ ತಿಳಿಸಿ, ತಿಳಿಸಿದ ಮೇಲೆ ಮಾತು ತಪ್ಪಬೇಡಿ. ಶನಿವಾರ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ‘ಸಾರಿ ಸಾರ್’ ಎಂದು ಬರುವ ಸಂದೇಶವಿದೆಯಲ್ಲ, ನಮ್ಮನ್ನು ಕೆಳಗಿನ ಡಿವಿಷನ್ನಿನಲ್ಲಿ ಇಟ್ಟಿರುವುದು ಅದೇ.

ಊರಲ್ಲೇ ಇರುವವರಿಗೆ ಈ ರಿಯಾಯಿತಿ ಇಲ್ಲ. ಶಿವಮೊಗ್ಗದಲ್ಲಿ ಪಂದ್ಯ ಎಂದರೆ ದೂರ ಎನ್ನುತ್ತೀರಿ. ಇಪ್ಪತ್ತು ಕಿಲೋಮೀಟರು ಆಗುವುದಿಲ್ಲ. ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಾಗುವ ಮುಂಚೆ ಗದಗದಿಂದ ಹೊರಟು, ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮಾಡಿ, ಶಾಲೆಗೆ ವಾಪಸ್ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ಅದೇ ಹುಡುಗ. ಓದು ಕೆಡುತ್ತದೆ ಎನ್ನುವ ತಂದೆತಾಯಿಗೆ ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿದವರು ಎಂದು ನೆನಪಿಸಿ. ಪರೀಕ್ಷೆಯ ವಾರ ಬರಬೇಡಿ, ನಾನೇ ಓದಲು ಕಳಿಸುತ್ತೇನೆ. ಉಳಿದ ವಾರಗಳ ಲೆಕ್ಕ ಕೊಡಿ.

ಈಗ ಮ್ಯಾಟಿನ ವಿಷಯ. ಇದನ್ನು ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳಬೇಕು. ನಮ್ಮ ಮೈದಾನದಲ್ಲಿ ಟರ್ಫ್ ಇಲ್ಲ. ಶೆಡ್ಡಿನಿಂದ ಮ್ಯಾಟನ್ನು ಹೊತ್ತು ತರಲು ನಾಲ್ಕು ಜನ ಬೇಕು. ರಾತ್ರಿ ಮಳೆ ಹನಿದು ಒದ್ದೆಯಾಗಿದ್ದರೆ ಆರು. ಹಾಸುವ ಮೊದಲು ನೆಲದ ಮೇಲಿನ ಹರಳು ಗುಡಿಸಬೇಕು, ನೀರು ಚಿಮುಕಿಸಿ ರೋಲರ್ ಎಳೆಯಬೇಕು. ಒಂದು ಹರಳು ಉಳಿದರೂ ಗುಡ್ ಲೆಂತಿನಲ್ಲಿ ಬಿದ್ದ ಚೆಂಡು ಗದ್ದಕ್ಕೆ ಬರುತ್ತದೆ. ಆಮೇಲೆ ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯನ್ನು ಎಲ್ಲರೂ ಕೂಡಿ ಹಿಂದಕ್ಕೆ ಬಾಗಿ ಎಳೆಯಬೇಕು. ಎಳೆದು ಹಿಡಿದಿರುವಾಗಲೇ ಇನ್ನೊಬ್ಬ ಮೊಳೆ ಹೊಡೆಯಬೇಕು, ಕೊನೆಗೆ ಬದಿಗಳಿಗೆ ಬರಬೇಕು. ಬಿಗಿಯಾಗಿ ಎಳೆದ ಮ್ಯಾಟಿನ ಮೇಲೆ ಚೆಂಡು ಪುಟಿಯುತ್ತದೆ, ಸಡಿಲ ಬಿಟ್ಟರೆ ಅಲ್ಲೇ ಮಲಗುತ್ತದೆ. ನಮ್ಮ ಲೆಗ್ ಸ್ಪಿನ್ನರಿಗೆ ಬೇಕಾದದ್ದು ಪುಟಿತ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಬಂದು ಹಗ್ಗ ಎಳೆದವರ ಕೈಯಲ್ಲೇ ಅವನ ಅರ್ಧ ವಿಕೆಟ್ಟುಗಳಿವೆ. ಹೋದ ವರ್ಷ ಈ ಕೆಲಸಕ್ಕೆ ಯಾವಾಗಲೂ ಅದೇ ನಾಲ್ಕು ಜನ. ಉಳಿದವರು ಒಂಬತ್ತಕ್ಕೆ, ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಮದುವೆ ಮನೆಗೆ ಊಟದ ಹೊತ್ತಿಗೆ ಬರುವ ನೆಂಟರ ಹಾಗೆ ಬಂದರು. ಈ ಸಲ ಮ್ಯಾಟು ಹಾಸಲು ಬಂದವನಿಗೇ ಮೊದಲು ಬ್ಯಾಟಿಂಗ್ ಎಂದು ನಾಯಕನಿಗೆ ಹೇಳುವ ಆಸೆ ನನಗಿದೆ. ಅವನು ಒಪ್ಪುವುದಿಲ್ಲ, ಗೊತ್ತು.

ಮ್ಯಾಟನ್ನು ಕೀಳಾಗಿ ಕಾಣಬೇಡಿ. ಪ್ರಸನ್ನ, ಚಂದ್ರಶೇಖರ್ ಬೆಂಗಳೂರಿನ ಲೀಗ್ ಆಡುತ್ತಿದ್ದ ಕಾಲದಲ್ಲಿ ಪಂದ್ಯಗಳು ಹೆಚ್ಚಾಗಿ ಮ್ಯಾಟಿನ ಮೇಲೆಯೇ ನಡೆಯುತ್ತಿದ್ದವು. ನಮ್ಮೂರಿನವರೇ ಆದ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹದವಾದದ್ದು ಅದರ ಪುಟಿತಕ್ಕೇ ಎಂದು ಹಳಬರು ಈಗಲೂ ಹೇಳುತ್ತಾರೆ.

ವಿಶ್ವನಾಥ್ ಹೆಸರು ಬಂದಾಗ ಎಲ್ಲರೂ ಎದೆ ಉಬ್ಬಿಸುತ್ತೀರಿ. ಅವರ ಆಟದಲ್ಲಿ ಒಂದನ್ನು ನಮ್ಮ ಒಂಬತ್ತು, ಹತ್ತು, ಹನ್ನೊಂದನೇ ನಂಬರಿನವರು ವಿಶೇಷವಾಗಿ ಗಮನಿಸಬೇಕು. 1975ರ ಜನವರಿ, ಮದರಾಸಿನ ಚೆಪಾಕ್, ಎದುರಿಗೆ ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು, ಭಾರತ 190ಕ್ಕೆ ಆಲೌಟ್. ಅದರಲ್ಲಿ 97 ವಿಶ್ವನಾಥ್ ಅವರದು, ಅಜೇಯ. ಆ 97ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇನ್ನೊಂದು ತುದಿಯಲ್ಲಿ ಬೇಡಿ, ಕೊನೆಗೆ ಚಂದ್ರಶೇಖರ್ ನಿಂತಿದ್ದರಿಂದಲೇ ಅದು 97 ಆಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಚಂದ್ರ ಟೆಸ್ಟ್‌ಗಳಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167. ಅಂಥವರು ಕೂಡ ಪ್ಯಾಡು ಕಟ್ಟಿಕೊಂಡು ಹೋಗಿ ರಾಬರ್ಟ್ಸ್ ಎದುರು ನಿಂತರು, ಆ ಟೆಸ್ಟನ್ನು ಭಾರತ 100 ರನ್ನಿನಿಂದ ಗೆದ್ದಿತು. ನಮ್ಮ ನೆಟ್ಸಿನಲ್ಲಿ ಬೌಲರುಗಳು ಬೆವರು ಸುರಿಸಿ ಬೌಲ್ ಮಾಡಿ, ಕತ್ತಲಾಗುವ ಹೊತ್ತಿಗೆ ‘ನೀನು ನಾಳೆ ಆಡು’ ಎನ್ನಿಸಿಕೊಂಡು ಮನೆಗೆ ಹೋಗುತ್ತಾರೆ. ಇದು ನಿಲ್ಲಬೇಕು. ಕೊನೆಯ ನಾಲ್ವರಿಗೆ ವಾರಕ್ಕೊಂದು ದಿನವಾದರೂ ಮೊದಲು ಬ್ಯಾಟಿಂಗ್ ಕೊಡಿ. ಸಿಕ್ಸರ್ ಕಲಿಸಬೇಡಿ, ನೇರ ಬ್ಯಾಟಿನಲ್ಲಿ ತಡೆಯುವುದನ್ನು ಕಲಿಸಿ.

ಬೌಲರುಗಳಿಗೆ ನನ್ನ ಮಾತು ಚಿಕ್ಕದು. ಓವರಿಗೊಂದು ವೈಡ್ ಹಾಕಿದರೆ ಏನಾಗುತ್ತದೆ ಎನ್ನುತ್ತೀರಲ್ಲ, ಲೆಕ್ಕ ಹಾಕಿ. 50 ಓವರಿನ ಪಂದ್ಯದಲ್ಲಿ ಅದು 50 ರನ್, ಜೊತೆಗೆ 50 ಹೆಚ್ಚಿನ ಚೆಂಡು. ಅಂದರೆ ಎದುರಾಳಿಗೆ ಎಂಟು ಓವರ್ ಎರಡು ಚೆಂಡು ದಾನ. ಅಷ್ಟು ದಾನ ಮಾಡಿ ಇಪ್ಪತ್ತು ರನ್ನಿಗೆ ಸೋತು ಬಂದು ಅಂಪೈರನ್ನು ಬೈದರೆ ಪ್ರಯೋಜನವಿಲ್ಲ. ಅಂಪೈರುಗಳೊಡನೆ ಮಾತಾಡುವುದು ನಾಯಕನ ಕೆಲಸ, ಅದೂ ಕೈ ಕಟ್ಟಿಕೊಂಡು. ಕೀಪರ್, ಇದು ನಿನಗೆ.

ನಾಯಕ, ನಿನಗೂ ಒಂದು ಮಾತು. 1969ರಲ್ಲಿ ಕಾನ್ಪುರದಲ್ಲಿ ವಿಶ್ವನಾಥ್ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದಾಗ ನಾಯಕ ಪಟೌಡಿ ಗದರಲಿಲ್ಲ, ಧೈರ್ಯ ಹೇಳಿದರು. ವಿಶ್ವನಾಥ್ ಅದನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದಾರೆ. ಎರಡನೇ ಇನಿಂಗ್ಸಿನಲ್ಲಿ ಅವರು ಹೊಡೆದದ್ದು 137. ನೀನು ಕ್ಯಾಚ್ ಬಿಟ್ಟವನನ್ನು ಎಲ್ಲರೆದುರು ಬೈಯುತ್ತೀಯ. ಮುಂದಿನ ಭಾನುವಾರ ಅವನು ಬರುವುದಿಲ್ಲ. ಹನ್ನೊಂದು ಜನ ಆಗದಿರುವುದಕ್ಕೆ ಇದೂ ಒಂದು ಕಾರಣ, ಇದನ್ನು ಸರಿಪಡಿಸುವುದು ನಿನ್ನ ಕೈಯಲ್ಲೇ ಇದೆ. ಕ್ಯಾಚ್ ಬಿಟ್ಟವನಿಗೆ ಮಾರನೆಯ ಸಂಜೆ ಐವತ್ತು ಕ್ಯಾಚ್ ಕೊಡು, ಪಕ್ಕದಲ್ಲಿ ನೀನೂ ನಿಂತು ಹಿಡಿ.

ಮಳೆ ಬಿಡಲು ಇನ್ನೂ ಸಮಯವಿದೆ. ಭದ್ರೆ ಈಗ ತುಂಬಿ ಹರಿಯುತ್ತಿದ್ದಾಳೆ, ಮೈದಾನ ಕೆರೆಯಾಗಿದೆ. ಸುಮ್ಮನೆ ಕೂರಬೇಡಿ. ಹೊಸ ಬ್ಯಾಟು ಕೊಂಡವರು ಅಗಸೆ ಎಣ್ಣೆ ತೆಳ್ಳಗೆ ಸವರಿ, ಒಣಗಿಸಿ, ಮರದ ಸುತ್ತಿಗೆಯಿಂದ ನಿಧಾನವಾಗಿ ತಟ್ಟಿ ಹದ ಮಾಡಿ. ಹದವಾಗದ ಬ್ಯಾಟು ಮೊದಲ ಯಾರ್ಕರಿಗೇ ಬಿರುಕು ಬಿಡುತ್ತದೆ, ಆಮೇಲೆ ಅಂಗಡಿಯವನ ಜೊತೆ ಜಗಳ. ಮೆಟ್ಟಿಲು ಹತ್ತಿ ಇಳಿಯಿರಿ. ನಡುವೆ ಬಿಡುವು ಸಿಕ್ಕ ಸಂಜೆ ಒದ್ದೆ ಚೆಂಡಿನಲ್ಲೇ ಕ್ಯಾಚು ಹಿಡಿಯಿರಿ, ಒಣ ಚೆಂಡು ಆಮೇಲೆ ಸುಲಭವಾಗುತ್ತದೆ.

ನನ್ನ ಲೆಕ್ಕ ಹೀಗಿದೆ. ಪ್ರತಿ ಪಂದ್ಯಕ್ಕೂ ಪೂರ್ತಿ ತಂಡ ಇಳಿದರೆ ನಾವು ಮೊದಲ ಮೂರರಲ್ಲಿ. ವೈಡ್ ಅರ್ಧಕ್ಕೆ ಇಳಿದು, ಕೈಗೆ ಬಂದ ಕ್ಯಾಚುಗಳಲ್ಲಿ ಅರ್ಧ ಉಳಿದರೆ ಮೇಲಿನ ಡಿವಿಷನ್. ಇವತ್ತಿನ ಸ್ಥಿತಿಯಲ್ಲಿ ಆಡಿದರೆ ಮತ್ತೆ ಮಧ್ಯದಲ್ಲೇ.

ಕ್ಲಬ್ಬಿನ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಹದಿನೆಂಟು ಗೆರೆ ಎಳೆದಿದ್ದೇನೆ. ಗಣೇಶನ ಹಬ್ಬದೊಳಗೆ ನಿಮ್ಮ ಹೆಸರು, ಅದರ ಮುಂದೆ ಬರಲಾಗದ ಭಾನುವಾರಗಳನ್ನು ನಿಮ್ಮ ಕೈಯಾರೆ ಬರೆಯಿರಿ. ಬೆಂಗಳೂರಿನವರು ಫೋನ್ ಮಾಡಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಬರೆಯಲು ಮನಸ್ಸಿಲ್ಲದವರು ಅದನ್ನೂ ಈಗಲೇ ಹೇಳಿಬಿಡಿ. ನೆಟ್ಸಿನ ಹಿಂದೆ ನಿಂತು ಚೆಂಡು ಹೆಕ್ಕಿಕೊಡುವ ಹೈಸ್ಕೂಲ್ ಹುಡುಗರು ಆ ಜಾಗಕ್ಕೆ ಕಾಯುತ್ತಿದ್ದಾರೆ.