ಸಂಘದ ಪೆಟ್ಟಿಗೆಯಲ್ಲಿ ಜೀವವಿಮೆ ಹಿಡಿಸುತ್ತದೆಯೆ?

ಪ್ರಶ್ನೆ: ನಮ್ಮ ಸಂಘದಲ್ಲಿ 180 ಮನೆಗಳಿವೆ. ಯಾರ ಮನೆಯಲ್ಲಾದರೂ ದುಡಿಯುವವರು ತೀರಿಕೊಂಡರೆ ಮನೆಗೆ 200 ರೂಪಾಯಿಯಂತೆ ಎತ್ತಿ ಹಾಲುತುಪ್ಪದ ದಿನ ಕೊಟ್ಟುಬರುತ್ತೇವೆ. ಅಮೆರಿಕದಲ್ಲಿರುವ ಅಣ್ಣನ ಮಗ ಜಾತ್ರೆಗೆ ಬಂದಿದ್ದಾಗ, ಅಲ್ಲಿ ಸದಸ್ಯರೇ ಮಾಲೀಕರಾಗಿರುವ ಸಂಘಗಳಿವೆ, ಅವೇ ಜೀವವಿಮೆ ಕೊಡುತ್ತವೆ, ಮಕ್ಕಳ ಓದಿಗೂ ನೆರವಾಗುತ್ತವೆ ಎಂದ. ನಾವೂ ‘ಸದಸ್ಯರು ಸತ್ತರೆ ಎರಡು ಲಕ್ಷ’ ಎಂದು ರಸೀದಿ ಪುಸ್ತಕ ಅಚ್ಚು ಹಾಕಿಸಿ ಶುರುಮಾಡಬಹುದೆ?
– ಓದುಗರೊಬ್ಬರು, ಮುಡುಕುತೊರೆ

ಉತ್ತರ: ರಸೀದಿ ಪುಸ್ತಕವನ್ನು ಸದ್ಯಕ್ಕೆ ಅಚ್ಚಿಗೆ ಕೊಡಬೇಡಿ. ಮನೆಗೆ 200 ಎತ್ತುವುದನ್ನು ಬಿಡಲೂ ಬೇಡಿ. ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತವೆ, ಆದರೆ ಒಂದೇ ಅಲ್ಲ.

ನೀವು ಮಾಡುತ್ತಿರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದುಕೊಳ್ಳುತ್ತಾರಲ್ಲ, ನಾಟಿಗೆ ಮುಯ್ಯಾಳಾಗಿ ಹೋಗಿಬರುತ್ತಾರಲ್ಲ, ಅದೇ ಲೆಕ್ಕ ಸಾವಿನ ಮನೆಗೂ ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಮಾತಿದೆ. ಕಾಳಗದಲ್ಲೋ ಊರಿನ ತುರುಗಳನ್ನು ಕಾಯುವಾಗಲೋ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ನಿಮ್ಮ ಪಕ್ಕದ ತಲಕಾಡಿನಿಂದ ಗಂಗರು ಆಳಿದ ಕಾಲದ ನಾಡಿನಲ್ಲಿ ವೀರಗಲ್ಲುಗಳಿಗೇನೂ ಬರವಿಲ್ಲ. ಕಂತು ಕಟ್ಟದೆ ಬರುತ್ತಿದ್ದ ಪರಿಹಾರ, ಆದರೆ ಸಾಯಬೇಕಾದದ್ದು ಕತ್ತಿಗೆ, ಕೊಡಬೇಕಾದವನು ದೊರೆ. ಜ್ವರದಲ್ಲಿ ಸತ್ತ ರೈತನ ಹೆಂಡತಿಗೆ ಅಲ್ಲಿ ಏನೂ ಇರಲಿಲ್ಲ.

ನಿಮ್ಮ ಅಣ್ಣನ ಮಗ ಹೇಳಿದ ಸಂಘಗಳಿಗೆ ಅಮೆರಿಕದಲ್ಲಿ ‘ಫ್ರೆಟರ್ನಲ್ ಸೊಸೈಟಿ’ ಎನ್ನುತ್ತಾರೆ, ಅಂದರೆ ಅಣ್ಣತಮ್ಮಂದಿರ ಸಂಘ. ಅವು ಹುಟ್ಟಿದ್ದು ಥೇಟ್ ನಿಮ್ಮ ಸಂಘದ ಹಾಗೆಯೇ. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಎಂಬ ಊರಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಮೆಕ್ಯಾನಿಕ್ ಕೆಲಸಗಾರರ ಸಂಘವೊಂದನ್ನು ಕಟ್ಟಿದ. ಸದಸ್ಯನೊಬ್ಬ ಸತ್ತರೆ ಉಳಿದವರೆಲ್ಲ ತಲೆಗೆ ಒಂದು ಡಾಲರ್ ಹಾಕಬೇಕು, ಬಂದದ್ದು ಹೆಂಡತಿ ಮಕ್ಕಳಿಗೆ. ವಯಸ್ಸು ಕೇಳುವ ಹಾಗಿಲ್ಲ, ಎಲ್ಲರಿಗೂ ಅದೇ ಒಂದು ಡಾಲರ್. ಈ ಉಪಾಯ ಎಷ್ಟು ಹಿಡಿಸಿತೆಂದರೆ ಮುಂದಿನ ಎರಡು ಮೂರು ದಶಕಗಳಲ್ಲಿ ಇಂಥ ನೂರಾರು ಸಂಘಗಳು ಎದ್ದವು. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಮೈಕೆಲ್ ಮೆಕ್‌ಗಿವ್ನಿ ಎಂಬ ಪಾದ್ರಿ, ದುಡಿಯುವ ಗಂಡಸು ಸತ್ತ ಮೇಲೆ ಮನೆಗಳು ಒಡೆದುಹೋಗುವುದನ್ನು ನೋಡಲಾಗದೆ ‘ನೈಟ್ಸ್ ಆಫ್ ಕೊಲಂಬಸ್’ ಕಟ್ಟಿದರು. ಮರುವರ್ಷ ಅಯೋವಾದಲ್ಲಿ ‘ಮಾಡರ್ನ್ ವುಡ್‌ಮೆನ್’ ಬಂತು. ಈ ಎರಡೂ ಇವತ್ತಿಗೂ ಇವೆ. ಅಪ್‌ಚರ್ಚ್‌ನ ಸಂಘ ಕರಗಿಹೋಗಿದೆ.

ಯಾಕೆ ಕರಗಿತು ಎನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ, ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಭಾರತದ ವಿಮಾ ಕಂಪನಿಗಳು ಬಳಸುವ 2012–14ರ ಮರಣ ಪಟ್ಟಿಯ ಪ್ರಕಾರ, 25 ವರ್ಷದ ಸಾವಿರ ಜನರಲ್ಲಿ ವರ್ಷಕ್ಕೆ ಸಾಯುವವರು ಹೆಚ್ಚುಕಡಿಮೆ ಒಬ್ಬರು. 60 ವರ್ಷದವರಲ್ಲಿ ಹನ್ನೊಂದು ಜನ. ಇದು ವಿಮೆ ಮಾಡಿಸಿದವರ ಪಟ್ಟಿ, ಹಳ್ಳಿಯ ಲೆಕ್ಕ ಇನ್ನೂ ಸ್ವಲ್ಪ ಮೇಲಿರುತ್ತದೆ, ಇರಲಿ. ನಿಮ್ಮ 180 ಜನರೂ 25ರ ಹುಡುಗರೇ ಆಗಿದ್ದರೆ ಐದಾರು ವರ್ಷಕ್ಕೊಂದು ಸಾವು. ಎರಡು ಲಕ್ಷ ಕೊಡಲು ಒಬ್ಬೊಬ್ಬರಿಗೆ ವರ್ಷಕ್ಕೆ ಬೀಳುವುದು 200 ರೂಪಾಯಿಯ ಒಳಗೆ. ಎಲ್ಲರೂ 60ರವರಾದರೆ ವರ್ಷಕ್ಕೆ ಎರಡು ಸಾವು, ಒಬ್ಬೊಬ್ಬರಿಗೆ 2,200 ದಾಟುತ್ತದೆ.

ಈಗ ಇಬ್ಬರನ್ನೂ ಒಂದೇ ಪೆಟ್ಟಿಗೆಗೆ ಹಾಕಿ, ಎಲ್ಲರಿಂದಲೂ ಸಮನಾಗಿ ಎತ್ತಿ. ಮೊದಲ ಹತ್ತು ವರ್ಷ ಏನೂ ಆಗುವುದಿಲ್ಲ, ಅದೇ ಮೋಸ ಮಾಡುವುದು. ಸದಸ್ಯರಿಗೆ ವಯಸ್ಸಾಗುತ್ತದೆ, ಸಾವು ಹೆಚ್ಚುತ್ತದೆ, ಮೇಲಿಂದ ಮೇಲೆ ರಸೀದಿ ಬರತೊಡಗುತ್ತದೆ. ‘ನಾನು ಕಟ್ಟೋದು, ಅವರು ತಗೊಳ್ಳೋದು’ ಎಂದು ಹುಡುಗರು ನಿಧಾನವಾಗಿ ಜಾರಿಕೊಳ್ಳುತ್ತಾರೆ. ಹುಡುಗರು ಹೋದಷ್ಟೂ ಉಳಿದವರ ಪಾಲು ಏರುತ್ತದೆ. ಏರಿದಷ್ಟೂ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಪೆಟ್ಟಿಗೆಯ ಸುತ್ತ ಉಳಿಯುವವರು ಇಪ್ಪತ್ತು ವರ್ಷ ನಿಯತ್ತಾಗಿ ಕಟ್ಟಿದ ಮುದುಕರು ಮಾತ್ರ. ಬೇಕಾದಾಗ ಅವರಿಗೇ ಸಿಗುವುದಿಲ್ಲ. ಅಮೆರಿಕದ ನೂರಾರು ಸಂಘಗಳು ಹೀಗೇ ಮುಳುಗಿದವು, ಯಾರೂ ಒಂದು ಕಾಸು ಕದಿಯದೆ.

ಉಳಿದವು ಉಳಿದದ್ದು ಎರಡು ಕೆಲಸ ಮಾಡಿ. ಸೇರುವಾಗಿನ ವಯಸ್ಸಿಗೆ ತಕ್ಕಂತೆ ಕಂತು ನಿಗದಿ ಮಾಡಿದವು. ಪ್ರಾಯದಲ್ಲಿ ತುಸು ಹೆಚ್ಚೇ ಕಟ್ಟಿಸಿಕೊಂಡು, ಆ ಹೆಚ್ಚಳವನ್ನು ಮುಪ್ಪಿನ ಕಾಲಕ್ಕೆಂದು ಮೀಸಲು ನಿಧಿಯಲ್ಲಿ ಇಟ್ಟವು. ಸತ್ತ ಮೇಲೆ ಎತ್ತುವುದು ಬಿಟ್ಟು ಸಾಯುವ ಮುಂಚೆ ಕೂಡಿಡುವುದು, ಅಷ್ಟೇ. ವಿಮೆ ಎನ್ನುವುದು ಇಲ್ಲಿಂದಾಚೆಗೆ ಶುರುವಾಗುತ್ತದೆ.

ಇಂದಿನ ಫ್ರೆಟರ್ನಲ್ ಸೊಸೈಟಿಗೆ ಷೇರುದಾರರಿಲ್ಲ. ಪಾಲಿಸಿ ಕೊಂಡವನೇ ಸದಸ್ಯ. ಊರೂರಿಗೂ ಶಾಖೆ, ಅಲ್ಲಿ ಸಭೆ, ಅಲ್ಲಿಂದ ಆರಿಸಿ ಹೋದ ಪ್ರತಿನಿಧಿಗಳು ಮೇಲಿನ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಡೈರಿ ಚುನಾವಣೆ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಲಾಭ ಹಂಚಿಕೊಳ್ಳಲು ಹೊರಗಿನ ಬಂಡವಾಳಗಾರ ಇಲ್ಲದ್ದರಿಂದ ಮಿಕ್ಕಿದ್ದು ಸದಸ್ಯರಿಗೆ ಬೋನಸ್ ಆಗಿ, ಇಲ್ಲವೇ ವಿದ್ಯಾರ್ಥಿವೇತನ, ಅನಾಥ ಮಕ್ಕಳ ನೆರವು, ನೆರೆ ಬಂದ ಊರಿಗೆ ಪರಿಹಾರವಾಗಿ ಹೋಗುತ್ತದೆ. ಈ ಸಮಾಜಸೇವೆಯ ಕಾರಣಕ್ಕೇ ಅಲ್ಲಿನ ಸರ್ಕಾರ ಅವಕ್ಕೆ ಆದಾಯ ತೆರಿಗೆ ಬಿಟ್ಟಿದೆ. ಆದರೆ ಮಾಲೀಕನಾದವನ ತಲೆಯ ಮೇಲೆ ನಷ್ಟವೂ ಇರುತ್ತದೆ. ಮೀಸಲು ನಿಧಿ ತೂತುಬಿದ್ದರೆ ಸದಸ್ಯರಿಂದಲೇ ಹೆಚ್ಚುವರಿ ವಸೂಲಿ ಮಾಡುವ ಅಧಿಕಾರ ಸಂಘಕ್ಕೆ ಉಂಟು. ಅಣ್ಣನ ಮಗ ಇದನ್ನು ಹೇಳಿರಲಾರ.

ಇನ್ನೊಂದನ್ನೂ ಅವನು ಹೇಳಿರಲಾರ. ಅಣ್ಣತಮ್ಮಂದಿರ ಸಂಘಗಳಲ್ಲಿ ಎಲ್ಲರೂ ಅಣ್ಣತಮ್ಮಂದಿರಾಗಿರಲಿಲ್ಲ. ಮಾಡರ್ನ್ ವುಡ್‌ಮೆನ್ ಶುರುವಾದಾಗ ದೊಡ್ಡ ನಗರದವರನ್ನೂ ಅಪಾಯದ ಕಸುಬಿನವರನ್ನೂ ಸೇರಿಸುತ್ತಿರಲಿಲ್ಲ, ಬಿಳಿಯರಲ್ಲದವರನ್ನಂತೂ ಇಲ್ಲವೇ ಇಲ್ಲ. ನಿಮ್ಮ 180 ಮನೆಗಳಲ್ಲಿ ಊರಿನ ಎಲ್ಲ ಬೀದಿಯವರೂ ಇದ್ದಾರೆಯೆ? ನಿಮ್ಮ ಪತ್ರದಲ್ಲಿ ಅದಿಲ್ಲ, ಆದರೂ ಕೇಳುತ್ತಿದ್ದೇನೆ.

ಸದಸ್ಯರೇ ಮಾಲೀಕರಾದ ಇಂಥ ಸಂಘಗಳು ನಮ್ಮ ದೇಶದಲ್ಲೂ ಇದ್ದವು. ಭಾರತೀಯರ ಜೀವಕ್ಕೆ ಬ್ರಿಟಿಷ್ ಕಂಪನಿಗಳು ಹೆಚ್ಚುವರಿ ದರ ಹಾಕುತ್ತಿದ್ದ ಕಾಲದಲ್ಲಿ, 1870ರ ಸುಮಾರಿಗೆ ಹುಟ್ಟಿದ ಬಾಂಬೆ ಮ್ಯೂಚುವಲ್ ಎಲ್ಲರಂತೆ ಮಾಮೂಲಿ ದರ ಹಾಕಿತು. ಹೆಸರೇ ಹೇಳುವಂತೆ ಅದು ಪಾಲಿಸಿದಾರರದೇ ಸಂಸ್ಥೆ. ಸಣ್ಣ ಸಣ್ಣ ಪ್ರಾವಿಡೆಂಟ್ ಸೊಸೈಟಿಗಳು ಎಷ್ಟು ಹೆಚ್ಚಿದವೆಂದರೆ 1912ರಲ್ಲಿ ಅವಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂತು. 1956ರ ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿದಾಗ ಅದರ ಹೊಟ್ಟೆಗೆ ಸೇರಿದ 245 ಸಂಸ್ಥೆಗಳಲ್ಲಿ 75 ಇಂಥ ಪ್ರಾವಿಡೆಂಟ್ ಸೊಸೈಟಿಗಳೇ. ಮೈಸೂರು ಸಂಸ್ಥಾನವಂತೂ 1891ರಲ್ಲೇ ತನ್ನ ನೌಕರರಿಗೆ ಜೀವವಿಮೆ ತಂದಿತ್ತು. ನಿಮಗೆ ಗೊತ್ತಿರುವ ಯಾವ ಸರ್ಕಾರಿ ಮೇಷ್ಟರ ಸಂಬಳದ ಚೀಟಿ ನೋಡಿದರೂ ‘ಕೆಜಿಐಡಿ’ ಎಂಬ ಕಡಿತ ಕಾಣುತ್ತದಲ್ಲ, ಅದರ ಬೇರು ಅಲ್ಲಿದೆ. ನರಸೀಪುರದ ಕೋರ್ಟಿಗೆ ಹೋಗಿದ್ದರೆ ವಕಾಲತ್ತಿನ ಮೇಲೆ ಕೋರ್ಟ್ ಫೀ ಸ್ಟಾಂಪಿನ ಜತೆಗೆ ಇನ್ನೊಂದು ಸ್ಟಾಂಪು ಹಚ್ಚುವುದನ್ನು ನೋಡಿರುತ್ತೀರಿ. ಅದು 1983ರ ಕಾಯ್ದೆಯಂತೆ ವಕೀಲರ ಕಲ್ಯಾಣ ನಿಧಿಗೆ. ಸದಸ್ಯ ವಕೀಲರು ತೀರಿಕೊಂಡರೆ ಅವರ ಮನೆಯವರಿಗೆ ಆ ನಿಧಿಯಿಂದ ಹಣ ಹೋಗುತ್ತದೆ.

ನಿಮಗೆ ಇನ್ನೂ ಹತ್ತಿರದ ಪಾಠ ಯಶಸ್ವಿನಿ. ಅದು ಜೀವವಿಮೆಯಲ್ಲ, ಶಸ್ತ್ರಚಿಕಿತ್ಸೆಯ ಖರ್ಚಿನದು, ಆದರೆ ನಿಂತಿದ್ದು ಸೊಸೈಟಿ ಮತ್ತು ಡೈರಿಗಳ ಸದಸ್ಯತ್ವದ ಮೇಲೆಯೇ. ಡಾ. ದೇವಿ ಶೆಟ್ಟಿಯವರೂ ಸಹಕಾರ ಇಲಾಖೆಯೂ ಸೇರಿ ರೂಪಿಸಿದ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂದಾಗ ತಲೆಗೆ ತಿಂಗಳಿಗೆ ಐದು, ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಷ್ಟು ಜನ ಸೇರಿದ್ದರೂ 60 ರೂಪಾಯಿ ಸಾಲಲಿಲ್ಲ, ಸರ್ಕಾರ ಕೈಯಿಂದ ಹಾಕಬೇಕಾಯಿತು. ಮೂರನೇ ವರ್ಷ ಕಂತನ್ನು 120ಕ್ಕೆ ಏರಿಸಿದ ಕೂಡಲೇ ಸದಸ್ಯರ ಸಂಖ್ಯೆ ಲಕ್ಷಗಟ್ಟಲೆ ಕುಸಿಯಿತು. ಬಿಟ್ಟುಹೋದವರು ‘ನನಗೇನಾಗಿದೆ’ ಎನ್ನುವ ಗಟ್ಟಿಮುಟ್ಟಾದವರು, ಉಳಿದವರು ಆಪರೇಷನ್ ಎದುರು ನೋಡುತ್ತಿದ್ದವರು ಎಂದು ಊಹಿಸುವುದಕ್ಕೆ ಪಂಡಿತರೇನೂ ಬೇಕಿಲ್ಲ. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ 2022ರ ಕೊನೆಗೆ ಮತ್ತೆ ಶುರುವಾಯಿತು, ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಮಾಡಿದರು. 16 ಲಕ್ಷ ಜನರ ಪೆಟ್ಟಿಗೆಯೇ ಹೀಗೆ ತೂಗಾಡಿದರೆ 180 ಮನೆಯದು ಹೇಗಿದ್ದೀತು?

ಸಣ್ಣ ಸಂಘಕ್ಕೆ ಇನ್ನೊಂದು ಕಂಟಕವಿದೆ. ನೀವೆಲ್ಲ ಒಂದೇ ಊರಿನವರು, ಒಂದೇ ಟೆಂಪೋದಲ್ಲಿ ಮದುವೆಗೆ ಹೊರಡುವವರು. ಕೊರೊನಾ ಹಬ್ಬಿದ್ದ 2021ರ ಮೇ ತಿಂಗಳು ನೆನಪಿಸಿಕೊಳ್ಳಿ. ಒಂದೇ ತಿಂಗಳಲ್ಲಿ ನಾಲ್ಕು ಸಾವಾದರೆ ಎಂಟು ಲಕ್ಷ, ಮನೆಗೆ 4,400ಕ್ಕೂ ಮೇಲೆ. ಅದೂ ಕೂಲಿ ನಿಂತ ತಿಂಗಳಲ್ಲಿ.

ಕಾನೂನಿನ ಮಾತು ಚುಟುಕಾಗಿ: 1938ರ ವಿಮಾ ಕಾಯ್ದೆಯಂತೆ ನೋಂದಣಿ ಇಲ್ಲದೆ ವಿಮಾ ವ್ಯವಹಾರ ನಡೆಸುವ ಹಾಗಿಲ್ಲ, ಜೀವವಿಮೆ ನಡೆಸಲು ಬೇಕಾದ ಕನಿಷ್ಠ ಬಂಡವಾಳ 100 ಕೋಟಿ. ಇದನ್ನು 20 ಕೋಟಿಗೆ ಇಳಿಸಿ ಸದಸ್ಯರದೇ ಆದ ಸಣ್ಣ ವಿಮಾ ಸಂಸ್ಥೆಗಳಿಗೆ ದಾರಿ ಮಾಡಿಕೊಡಿ ಎಂದು ಮಿರಾಯ್ ಚಟರ್ಜಿ ಅಧ್ಯಕ್ಷತೆಯ ಸಮಿತಿ 2020ರಲ್ಲಿ ಶಿಫಾರಸು ಮಾಡಿತ್ತು. ಮಾಡಬೇಕಾದ ಕೆಲಸವೇ ಎಂದು ನನ್ನ ಅಭಿಪ್ರಾಯ. ಸದ್ಯಕ್ಕಂತೂ ‘ಸತ್ತರೆ ಎರಡು ಲಕ್ಷ ಖಂಡಿತ’ ಎಂದು ಬರೆದ ರಸೀದಿ ನಿಮ್ಮನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಬಹುದು. ಸಾವಾದ ಮೇಲೆ ಮನಸ್ಸಿದ್ದವರು ಎತ್ತಿಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಹಾಗಾದರೆ ಆ ಎರಡು ಲಕ್ಷ ಎಲ್ಲಿಂದ? ಅದು ಆಗಲೇ ಬ್ಯಾಂಕಿನಲ್ಲೂ ಅಂಚೆ ಕಚೇರಿಯಲ್ಲೂ ಕೂತಿದೆ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯಲ್ಲಿ 18ರಿಂದ 50 ವರ್ಷದೊಳಗೆ ಸೇರಿದರೆ ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ಸತ್ತರೂ ಎರಡು ಲಕ್ಷ, ತಪ್ಪದೆ ಕಟ್ಟುತ್ತಿದ್ದರೆ 55 ವರ್ಷದವರೆಗೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. ಇಲ್ಲೂ ಹುಡುಗರಿಗೂ ಹಿರಿಯರಿಗೂ ಒಂದೇ ಕಂತು, ಮತ್ತೆ ಹೇಗೆ ನಡೆಯುತ್ತಿದೆ ಎಂದು ನೀವು ಕೇಳಬಹುದು. 50ಕ್ಕೆ ಬಾಗಿಲು ಹಾಕಿ, ಕೋಟ್ಯಂತರ ಜನರನ್ನು ಒಂದೇ ಪೆಟ್ಟಿಗೆಗೆ ಸೇರಿಸಿದ್ದಾರೆ. ಇದರ ಜತೆಗೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, ಅಪಘಾತಕ್ಕೆ ಮತ್ತೆರಡು ಲಕ್ಷ. ಅದಕ್ಕಿಂತ ಹೆಚ್ಚು ಬೇಕೆಂದರೆ ಸಂಘದ ಹೆಸರಿನಲ್ಲಿ ಯಾವುದಾದರೂ ವಿಮಾ ಕಂಪನಿಯಿಂದ ಗುಂಪು ವಿಮೆ ಕೊಳ್ಳಬಹುದು. ಸಂಘ ವಿಮೆಗಾಗಿಯೇ ಹುಟ್ಟಿದ್ದಾಗಿರಬಾರದು ಎಂಬುದೊಂದು ನಿಯಮ, ನಿಮಗೆ ಅದು ತೊಡಕಲ್ಲ.

ಮುಡುಕುತೊರೆ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಂಡವರು ಊರಿಗೆ ಹೋದ ಮೇಲೆ ಮೊದಲು ಮಾಡುವ ಕೆಲಸಗಳಲ್ಲಿ ವಿಮೆಯೂ ಒಂದು. ಡಾಕ್ಟರನ್ನು ಕರೆಸಿ ಎತ್ತಿನ ಕಿವಿಗೆ ಓಲೆ ಹಾಕಿಸುತ್ತಾರೆ, ಅದರ ನಂಬರು ಬರೆಸಿಕೊಳ್ಳುತ್ತಾರೆ, ಓಲೆ ಬಿದ್ದುಹೋದರೆ ಪರಿಹಾರ ಬರುವುದಿಲ್ಲವೆಂದು ದಿನಾ ಮುಟ್ಟಿ ನೋಡುತ್ತಾರೆ. ಅದೇ ಮನೆಯ ಯಜಮಾನನ ಪಾಸ್‌ಬುಕ್‌ನಲ್ಲಿ 436 ಕಡಿತವಾಗಿದೆಯೇ ಎಂದು ಮುಟ್ಟಿ ನೋಡಿದವರು ಇರುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿಹೋಗಿರುತ್ತದೆ. ನಾಮಿನಿ ಕಾಲಂ ಖಾಲಿ, ಇಲ್ಲವೇ ಹತ್ತು ವರ್ಷದ ಹಿಂದೆ ತೀರಿಕೊಂಡ ತಾಯಿಯ ಹೆಸರು. ವಿಮೆ ಇತ್ತೆಂಬುದೇ ಹೆಂಡತಿಗೆ ಗೊತ್ತಿರುವುದಿಲ್ಲ.

ನಿಮ್ಮ ಸಂಘ ಮಾಡಬಹುದಾದ, ಯಾವ ಕಂಪನಿಯೂ ಮಾಡಲಾರದ ಕೆಲಸ ಇದು. ಮುಂದಿನ ಸಭೆಗೆ 180 ಮನೆಯವರೂ ಪಾಸ್‌ಬುಕ್ ತರಲಿ. ಓದು ಬಲ್ಲ ಇಬ್ಬರು ಹುಡುಗಿಯರನ್ನು ಕೂರಿಸಿ ಒಂದೊಂದನ್ನೂ ನೋಡಿಸಿ. ಕಂತು ಕಡಿತವಾಗುವುದು ಮೇ ಕೊನೆಗೆ, ಆ ವಾರ ಯಾರ ಖಾತೆಯಲ್ಲಿ 456 ರೂಪಾಯಿ ಇಲ್ಲವೋ ಅವರಿಗೆ ಸಂಘದಿಂದ ಕೈಗಡ ಕೊಡಿ. ಸಾವಾದ ಮನೆಯಲ್ಲಿ ಹನ್ನೊಂದರ ತಿಥಿ ಮುಗಿದ ಮೇಲೆ ಮರಣ ಪತ್ರ, ಕ್ಲೇಮು ಅರ್ಜಿ ಹಿಡಿದು ಬ್ಯಾಂಕಿಗೆ ಹೋಗಲು ಆ ಹೆಣ್ಣುಮಗಳ ಜತೆಗೆ ಒಬ್ಬರನ್ನು ಕಳಿಸಿ. ಆ ಎರಡು ಲಕ್ಷ ಕೈಗೆ ಬರಲು ವಾರಗಳೇ ಹಿಡಿಯಬಹುದು. ಹಾಲುತುಪ್ಪದ ದಿನ ನೀವು ಕೊಡುವ 36 ಸಾವಿರ ಅಲ್ಲಿಯವರೆಗೆ ಆ ಮನೆಯ ಒಲೆ ಉರಿಸುತ್ತದೆ, ಅದನ್ನು ಮಾತ್ರ ನಿಲ್ಲಿಸಬೇಡಿ.